6061 ಮತ್ತು 5083 ಪ್ಲೇಟ್‌ಗಳ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಬೇರೆ ಬೇರೆ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಈ ವಿಧಾನದಲ್ಲಿ ಬೆಸೆಯಲು ಹೊರಟವರಿಗೆ ಎದುರಾಗುವ ಪ್ರಶ್ನೆಗಳು ಇಲ್ಲಿವೆ. ಮಾತು ಗಾಳಿಗೆ ಹೋಗದಿರಲೆಂದು ಒಂದೇ ಜೋಡಿ ಹಿಡಿದಿದ್ದೇವೆ: 6 ಮಿ.ಮೀ. ದಪ್ಪದ 6061-ಟಿ6 ಮತ್ತು 5083-ಎಚ್111 (ಟಿ6, ಎಚ್111 ಲೋಹದ ಸ್ಥಿತಿ ಹೇಳುವ ಗುರುತುಗಳು: ಮೊದಲನೆಯದು ಶಾಖ ಕೊಟ್ಟು ಗಟ್ಟಿ ಮಾಡಿದ್ದು, ಎರಡನೆಯದು ಹೆಚ್ಚುಕಡಿಮೆ ಮೆತ್ತಗಿರುವುದು), ಅಂಚಿಗೆ ಅಂಚು ತಾಗಿಸಿದ ಬಟ್ ಜಾಯಿಂಟ್, ವರ್ಟಿಕಲ್ ಮಿಲ್ಲಿಂಗ್ ಮೆಷಿನ್ ಮೇಲೆ. ಬೇರೆ ಜೋಡಿಗಳಿಗೆ ಅಂಕಿಗಳು ಬದಲಾಗುತ್ತವೆ, ಕಾರಣಗಳು ಬಹುಪಾಲು ಇವೇ.

ಲೋಹ ಕರಗದೆ ಬೆಸುಗೆ ಹೇಗೆ ಆಗುತ್ತದೆ?

ಸುತ್ತುವ ಟೂಲ್‌ನ ಅಗಲವಾದ ಭುಜ, ಅಂದರೆ ಶೋಲ್ಡರ್, ಪ್ಲೇಟಿನ ಮೇಲ್ಮೈಗೆ ಉಜ್ಜಿ ಶಾಖ ಹುಟ್ಟಿಸುತ್ತದೆ. ಲೋಹ 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಮೆತ್ತಗಾಗುತ್ತದೆ, ಆದರೆ ದ್ರವವಾಗುವುದಿಲ್ಲ. ಶೋಲ್ಡರ್‌ನ ನಡುವಿನಿಂದ ಚಾಚಿ ಒಳಗಿಳಿದ ಮೊಳೆಯಂಥ ಪಿನ್ ಅದನ್ನು ಮುದ್ದೆ ಕೋಲಿನಿಂದ ಹಿಟ್ಟು ತಿರುವಿದಂತೆ ತಿರುವಿ, ಮುಂದಿದ್ದದ್ದನ್ನು ಹಿಂದಕ್ಕೆ ದಾಟಿಸುತ್ತದೆ. ಹಾಗೆ ದಾಟಿದ ಲೋಹವನ್ನು ಶೋಲ್ಡರ್‌ನ ಹಿಂಭಾಗ ಒತ್ತಿ ಗಟ್ಟಿ ಮಾಡುತ್ತದೆ. ಫಿಲ್ಲರ್ ವೈರ್, ಆರ್ಗಾನ್, ಆರ್ಕ್ ಯಾವುದೂ ಇಲ್ಲ. 1991ರಲ್ಲಿ ಇಂಗ್ಲೆಂಡಿನ ಟಿಡಬ್ಲ್ಯುಐ (ದಿ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್) ಸಂಸ್ಥೆಯಲ್ಲಿ ಹುಟ್ಟಿದ ವಿಧಾನ ಇದು. ಮೂಲ ಪೇಟೆಂಟ್‌ನ ಅವಧಿ ಮುಗಿದಿದೆ.

6061 ಮತ್ತು 5083 ಮಿಗ್‌ನಲ್ಲೇ ಬೆಸೆಯಬಹುದಲ್ಲ, ಇಷ್ಟು ಕಷ್ಟ ಯಾಕೆ?

ನಿಜ, ಬೆಸೆಯಬಹುದು. 5356 ಫಿಲ್ಲರ್ ವೈರ್ ಹಾಕಿ ಮಿಗ್ ಅಥವಾ ಟಿಗ್ (ಎರಡೂ ಲೋಹ ಕರಗಿಸುವ ಆರ್ಕ್ ವೆಲ್ಡಿಂಗ್) ಮಾಡಿದರೆ ಈ ಜೋಡಿ ಚೆನ್ನಾಗಿಯೇ ಕೂಡುತ್ತದೆ. ನಾಲ್ಕಾರು ಬ್ರಾಕೆಟ್‌ಗಳಷ್ಟೇ ಬೇಕಿದ್ದರೆ ಅದನ್ನೇ ಮಾಡಿ. ಉದ್ದದ ನೇರ ಜೋಡಣೆ, ಪ್ಲೇಟ್ ಸೊಟ್ಟಗಾಗಬಾರದೆಂಬ ಷರತ್ತು, ಒಳಗೆ ಗಾಳಿಗುಳ್ಳೆ ಇರಬಾರದೆಂಬ ಬೇಡಿಕೆ ಇದ್ದಾಗ ಫ್ರಿಕ್ಷನ್ ಸ್ಟರ್ ಗೆಲ್ಲುತ್ತದೆ. ಹಡಗಿನ ಡೆಕ್ ಪ್ಯಾನೆಲ್, ರೈಲು ಬೋಗಿಯ ಗೋಡೆಗಳಲ್ಲಿ ಇದು ನೆಲೆಯಾದದ್ದು ಈ ಕಾರಣಕ್ಕೆ.

2024 ಮತ್ತು 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳ ಕಥೆ ಬೇರೆ. 7075 ಸುಮಾರು 477 ಡಿಗ್ರಿಗೆ ಕರಗಲು ಶುರುವಾಗಿ 635 ಡಿಗ್ರಿಗೆ ಪೂರ್ತಿ ಕರಗುತ್ತದೆ. 2024ಕ್ಕೆ ಆ ಅಂತರ 502ರಿಂದ 638. ಇಷ್ಟು ಅಗಲದ ಅಂತರದಲ್ಲಿ ಅರೆದ್ರವವಾಗಿ ಗಟ್ಟಿಯಾಗುವಾಗ ಬೆಸುಗೆ ಬಿರುಕು ಬಿಡುತ್ತದೆ. ಅಲ್ಲಿ ಕರಗಿಸದಿರುವುದೇ ಬಹುಮಟ್ಟಿಗೆ ಉಳಿದ ದಾರಿ.

ಸಾಮಾನ್ಯ ಮಿಲ್ಲಿಂಗ್ ಮೆಷಿನ್ ಸಾಕಾಗುತ್ತದೆಯೇ?

6 ಮಿ.ಮೀ.ವರೆಗೆ, ಪ್ರಯೋಗದ ಮಟ್ಟಿಗೆ ಸಾಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿರುವ ಹಳೆಯ ಎಚ್‌ಎಂಟಿ ವರ್ಟಿಕಲ್ ಮಿಲ್‌ಗಳು ಭಾರವಾಗಿವೆ, ಈ ಕೆಲಸಕ್ಕೆ ಆ ಭಾರವೇ ಬೇಕು. ಡ್ರಿಲ್ಲಿಂಗ್ ಮೆಷಿನ್ ಅಥವಾ ಟೇಬಲ್ ಮೇಲಿಡುವ ಪುಟ್ಟ ಸಿಎನ್‌ಸಿ ರೌಟರ್ ಬೇಡ. ಕೆಳಮುಖ ಒತ್ತಡ ಒಂದು ಟನ್ ಆಸುಪಾಸು ಬರುತ್ತದೆ, ಪಿನ್ ಇಳಿಯುವ ಹೊತ್ತಿನಲ್ಲಿ ಅದಕ್ಕೂ ಹೆಚ್ಚು. ಮಿಲ್ಲಿಂಗ್ ಸ್ಪಿಂಡಲ್‌ನ ಬೇರಿಂಗ್‌ಗಳು ಇಂಥ ನೇರ ಒತ್ತಡಕ್ಕೆಂದು ಮಾಡಿದವಲ್ಲ. ದಿನವಿಡೀ ಉತ್ಪಾದನೆಗೆ ಹಚ್ಚಿದರೆ ಬೇರಿಂಗ್ ಹೋಗುತ್ತದೆ.

ಇನ್ನೊಂದು ವಿಷಯ: ಈ ಮೆಷಿನ್‌ಗಳು ಒತ್ತಡ ಅಳೆಯುವುದಿಲ್ಲ, ಎತ್ತರ ಮಾತ್ರ ಕಾಯುತ್ತವೆ. ಟನ್ ಭಾರ ಬಿದ್ದಾಗ ಹೆಡ್ ಸ್ವಲ್ಪ ಮೇಲಕ್ಕೆ, ಟೇಬಲ್ ಸ್ವಲ್ಪ ಕೆಳಕ್ಕೆ ಬಾಗುತ್ತವೆ. ಹ್ಯಾಂಡಲ್‌ನ ಅಳತೆಯಲ್ಲಿ 0.25 ಮಿ.ಮೀ. ಇಳಿಸಿದ್ದರೂ ನಿಜದಲ್ಲಿ 0.1 ಮಾತ್ರ ಇಳಿದಿರಬಹುದು. ಹೆಡ್‌ಗೆ ಡಯಲ್ ಗೇಜ್ ಕಟ್ಟಿ, ಅದರ ಮುಳ್ಳನ್ನು ಪ್ಲೇಟ್ ಮೇಲೆ ಕೂರಿಸಿ ನೋಡಿ, ಹ್ಯಾಂಡಲ್‌ನ ಅಳತೆ ನಂಬಬೇಡಿ.

ಟೂಲ್ ಯಾವುದರಲ್ಲಿ ಮಾಡಿಸಬೇಕು? ಅಳತೆ ಏನು?

ಎಚ್13 ಹಾಟ್ ಡೈ ಸ್ಟೀಲ್, ಹಾರ್ಡನ್ ಮಾಡಿ ಎರಡು ಸಲ ಟೆಂಪರ್ ಮಾಡಿದ್ದು, ಗಡಸುತನ 48ರಿಂದ 50 ರಾಕ್‌ವೆಲ್ ಸಿ. ಅದಕ್ಕಿಂತ ಗಟ್ಟಿ ಮಾಡಿಸಿದರೆ ಪಿನ್ ಪಟ್ಟೆಂದು ಮುರಿಯುತ್ತದೆ.

6 ಮಿ.ಮೀ. ಪ್ಲೇಟಿಗೆ ಶೋಲ್ಡರ್ 18 ಮಿ.ಮೀ. ವ್ಯಾಸ, ಒಳಮುಖವಾಗಿ ಸುಮಾರು 7 ಡಿಗ್ರಿ ತಗ್ಗು. ಪಿನ್ ಬುಡದಲ್ಲಿ 6, ತುದಿಯಲ್ಲಿ 4 ಮಿ.ಮೀ. ಇರುವ ಶಂಕುವಿನಾಕಾರ, 1 ಮಿ.ಮೀ. ಪಿಚ್‌ನ ಥ್ರೆಡ್, ಜೊತೆಗೆ 120 ಡಿಗ್ರಿಗೊಂದರಂತೆ ಮೂರು ಫ್ಲ್ಯಾಟ್. ಬರೀ ನುಣುಪಾದ ಸಿಲಿಂಡರ್ ಪಿನ್ ಮಾಡಲು ಸುಲಭ, ಆದರೆ ಎರಡು ಬೇರೆ ಲೋಹಗಳನ್ನು ಅದು ಸರಿಯಾಗಿ ಕದಲಿಸುವುದಿಲ್ಲ. ಪಿನ್ ಶೋಲ್ಡರ್‌ಗೆ ಸೇರುವ ಮೂಲೆಯಲ್ಲಿ ಸಣ್ಣ ರೇಡಿಯಸ್ ಬಿಡಿಸಿ. ಮುರಿಯುವ ಪಿನ್ ಅಲ್ಲೇ ಮುರಿಯುವುದು.

ಥ್ರೆಡ್ ಎಡಗೈಯದ್ದೋ ಬಲಗೈಯದ್ದೋ ಎಂಬಲ್ಲಿ ಎಡವುವವರು ಬಹಳ. ಸ್ಪಿಂಡಲ್ ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ಸುತ್ತುತ್ತಿದ್ದರೆ ಎಡಗೈ ಥ್ರೆಡ್ಡೇ ಬೇಕು, ಆಗ ಲೋಹ ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ. ಅಂಗಡಿಯ ಡೈಯಿಂದ ಮಾಮೂಲಿ ಬಲಗೈ ಥ್ರೆಡ್ ಹಾಕಿಸಿ ಅದೇ ದಿಕ್ಕಿಗೆ ಓಡಿಸಿದರೆ ಲೋಹ ಮೇಲಕ್ಕೆ ಬರುತ್ತದೆ, ತಳದಲ್ಲಿ ಪೊಳ್ಳು ಉಳಿಯುತ್ತದೆ.

ಪಿನ್ ಉದ್ದ 5.7 ಮಿ.ಮೀ. ಇಟ್ಟರೂ ತಳ ಬೆಸೆದಿಲ್ಲ. ಯಾಕೆ?

ಟಿಲ್ಟ್‌ನ ಲೆಕ್ಕ ಹಿಡಿಯದೆ ಇರುವುದರಿಂದ. ಟೂಲ್ 2 ಡಿಗ್ರಿ ಹಿಂದಕ್ಕೆ ವಾಲಿದಾಗ 18 ಮಿ.ಮೀ. ಶೋಲ್ಡರ್‌ನ ಹಿಂದಿನ ಅಂಚು, ಅಂದರೆ ಹಿಮ್ಮಡಿ, ಶೋಲ್ಡರ್‌ನ ನಡುವಿಗಿಂತ 0.31 ಮಿ.ಮೀ. ಕೆಳಗಿರುತ್ತದೆ. ಹಿಮ್ಮಡಿ ಪ್ಲೇಟಿನೊಳಗೆ 0.1 ಮಿ.ಮೀ. ಇಳಿದಿದೆ ಅಂದರೆ ಶೋಲ್ಡರ್‌ನ ನಡುಭಾಗ ಇನ್ನೂ 0.21 ಮಿ.ಮೀ. ಮೇಲೆಯೇ ಇದೆ. 5.7ರ ಪಿನ್ ಆಗ ಸುಮಾರು 5.49 ಮಿ.ಮೀ. ಮಾತ್ರ ಇಳಿಯುತ್ತದೆ. ವಾಲಿದ ಪಿನ್ ತುದಿಯ ಹಿಂದಿನ ಮೂಲೆ ಇನ್ನೊಂದು 0.07 ಸೇರಿಸುತ್ತದೆ. ಅಲ್ಲಿಗೆ ತಳದಲ್ಲಿ 0.44 ಮಿ.ಮೀ. ಮುಟ್ಟದೆ ಉಳಿಯಿತು. ಅಷ್ಟು ದಪ್ಪದಲ್ಲಿ ಹಳೆಯ ಜೋಡಣೆ ಗೆರೆ ಹಾಗೇ ಇರುತ್ತದೆ.

5.8ರ ಪಿನ್ ಹಾಕಿ ಹಿಮ್ಮಡಿಯನ್ನು 0.25 ಇಳಿಸಿದರೆ ಉಳಿಯುವುದು 0.2 ಮಿ.ಮೀ. ಅಷ್ಟನ್ನು ಪಿನ್‌ನ ಕೆಳಗಿನ ಒತ್ತಡವೇ ಕೂಡಿಸುತ್ತದೆ. ಪಿನ್ ಉದ್ದವನ್ನು ಶೋಲ್ಡರ್‌ನ ಹೊರ ಅಂಚಿನ ಮಟ್ಟದಿಂದ ಅಳೆಯಬೇಕು, ಒಳತಗ್ಗಿನ ತಳದಿಂದಲ್ಲ. 5.9 ದಾಟಿಸಿದರೆ ಪಿನ್ ಬ್ಯಾಕಿಂಗ್ ಪ್ಲೇಟನ್ನು (ಬೆಸೆಯುವ ಪ್ಲೇಟ್‌ಗಳ ಕೆಳಗೆ ಆಧಾರವಾಗಿಡುವ ಸ್ಟೀಲ್) ಕೆರೆದು, ಬೆಸುಗೆ ಅದಕ್ಕೇ ಅಂಟಿಕೊಳ್ಳುವ ಅಪಾಯ ಇದೆ.

ಯಾವ ಪ್ಲೇಟ್ ಯಾವ ಕಡೆ ಇಡಬೇಕು?

ಮೊದಲು ಕಡೆಗಳ ಗುರುತು. ಟೂಲ್ ಸಾಗುವ ದಿಕ್ಕಿಗೆ ಮುಖ ಮಾಡಿ ಟೂಲ್‌ನ ಹಿಂದೆ ನಿಂತಿದ್ದೀರಿ ಅಂದುಕೊಳ್ಳಿ. ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕಿನ ಸುತ್ತಾದರೆ ನಿಮ್ಮ ಎಡಗಡೆ ಅಡ್ವಾನ್ಸಿಂಗ್ ಸೈಡ್: ಅಲ್ಲಿ ಸುತ್ತುವ ದಿಕ್ಕೂ ಸಾಗುವ ದಿಕ್ಕೂ ಒಂದೇ. ಬಲಗಡೆ ರಿಟ್ರೀಟಿಂಗ್ ಸೈಡ್. ಮಿಲ್‌ನಲ್ಲಿ ಚಲಿಸುವುದು ಟೇಬಲ್, ಟೂಲ್ ಅಲ್ಲ. ಹಾಗಾಗಿ ಟೇಬಲ್ ನಿಮ್ಮ ಕಡೆ ಬರುತ್ತಿದ್ದರೆ ಟೂಲ್ ಆಚೆ ಸಾಗುತ್ತಿದೆ ಎಂದೇ ಲೆಕ್ಕ.

"ಗಟ್ಟಿ ಲೋಹ ಅಡ್ವಾನ್ಸಿಂಗ್ ಕಡೆಗೆ" ಎಂಬ ಸೂತ್ರ ಎಲ್ಲೆಡೆ ಸಿಗುತ್ತದೆ. ಅಲ್ಯೂಮಿನಿಯಂ ಮತ್ತು ಸ್ಟೀಲ್, ಅಲ್ಯೂಮಿನಿಯಂ ಮತ್ತು ತಾಮ್ರದಂಥ ಜೋಡಿಗಳಿಗೆ ಅದು ಹೊಂದುತ್ತದೆ. ಎರಡೂ ಅಲ್ಯೂಮಿನಿಯಂ ಆದಾಗ ಅಷ್ಟು ನೇರವಿಲ್ಲ. 6061-7075 ಜೋಡಿಯಲ್ಲಿ ಮೆತ್ತನೆಯ 6061 ಅಡ್ವಾನ್ಸಿಂಗ್ ಕಡೆ ಇದ್ದಾಗ ಮಿಶ್ರಣ ಚೆನ್ನಾಗಿ ಆದ ಫಲಿತಾಂಶಗಳೂ ಪ್ರಕಟವಾಗಿವೆ.

ಗೊಂದಲದ ಮೂಲ "ಗಟ್ಟಿ" ಅಂದರೆ ಯಾವ ಉಷ್ಣತೆಯಲ್ಲಿ ಎಂಬುದು. ತಣ್ಣಗಿರುವಾಗ 6061-ಟಿ6 ಮಣಿಯುವುದು ಸುಮಾರು 276 ಮೆಗಾಪಾಸ್ಕಲ್‌ಗೆ, 5083-ಎಚ್111 ಅದರ ಅರ್ಧದಷ್ಟಕ್ಕೇ ಮಣಿಯುತ್ತದೆ. 450 ಡಿಗ್ರಿಯಲ್ಲಿ ಲೆಕ್ಕ ತಿರುಗುಮುರುಗು. 6061ರ ಬಲ ಅದರೊಳಗಿನ ಮೆಗ್ನೀಸಿಯಂ-ಸಿಲಿಕಾನ್ ಕಣಗಳದ್ದು, ಶಾಖಕ್ಕೆ ಅವು ಕರಗಿಹೋಗುತ್ತವೆ. 5083ರಲ್ಲಿ 4ರಿಂದ 4.9 ಶೇಕಡಾ ಮೆಗ್ನೀಸಿಯಂ ಲೋಹದಲ್ಲೇ ಬೆರೆತಿದ್ದು, ಬಿಸಿಯಲ್ಲೂ ಬಿಗಿ ಹಿಡಿಯುತ್ತದೆ. ಅಂದರೆ ಪಿನ್‌ಗೆ ಕಷ್ಟ ಕೊಡುವುದು 5083. ಕೈಪಿಡಿಯ ಬಲದ ಪಟ್ಟಿ ನೋಡಿ ಕಡೆ ಆರಿಸಿದವರು ಇದನ್ನೇ ಮರೆಯುವುದು.

ಕೆಲಸದ ಮಾತು: 5083 ಅಡ್ವಾನ್ಸಿಂಗ್ ಕಡೆ ಇಟ್ಟು ಒಂದು, ತಿರುಗಿಸಿ ಇನ್ನೊಂದು, ಎರಡನ್ನೂ ಅದೇ ವೇಗದಲ್ಲಿ ಬೆಸೆಯಿರಿ. ಅಡ್ಡ ಕತ್ತರಿಸಿ ನೋಡಿ, ಪೊಳ್ಳಿಲ್ಲದ್ದನ್ನು ಉಳಿಸಿಕೊಳ್ಳಿ. ಎರಡು ಪ್ಲೇಟ್ ಜೋಡಿಯ ಖರ್ಚಿನಲ್ಲಿ ಈ ವಾದ ಮುಗಿಯುತ್ತದೆ.

ಎಷ್ಟು ಆರ್‌ಪಿಎಂ, ಎಷ್ಟು ಫೀಡ್?

ಶುರುವಿಗೆ 900ರಿಂದ 1000 ಆರ್‌ಪಿಎಂ; ಫೀಡ್, ಅಂದರೆ ಟೇಬಲ್ ಸಾಗುವ ವೇಗ, ನಿಮಿಷಕ್ಕೆ 60ರಿಂದ 80 ಮಿ.ಮೀ. ನಿಮ್ಮ ಗೇರ್ ಬಾಕ್ಸ್‌ನಲ್ಲಿರುವ ಹತ್ತಿರದ ವೇಗ ಹಾಕಿ. 6061 ಒಂದೇ ಆದರೆ ಒಳ್ಳೆಯ ಮೆಷಿನ್‌ನಲ್ಲಿ ಇದರ ಎಷ್ಟೋ ಪಟ್ಟು ವೇಗವಾಗಿ ಸಾಗಬಹುದು, 5083 ಬಿಡುವುದಿಲ್ಲ. ಜೋಡಿಯ ವೇಗ ನಿಧಾನದವನದ್ದು.

1000 ಆರ್‌ಪಿಎಂ, 80 ಮಿ.ಮೀ. ಅಂದರೆ ಒಂದು ಸುತ್ತಿಗೆ 0.08 ಮಿ.ಮೀ. ಮುನ್ನಡೆ. ಈ ಸಂಖ್ಯೆ ಕಣ್ಣಿಗೂ ಕಾಣುತ್ತದೆ: ಬೆಸುಗೆಯ ಮೇಲಿನ ಅರ್ಧಚಂದ್ರ ಗೆರೆಗಳ ನಡುವಿನ ಅಂತರ ಇಷ್ಟೇ ಇರಬೇಕು. ಆರ್‌ಪಿಎಂ ಹೆಚ್ಚಿದಷ್ಟೂ, ಫೀಡ್ ಇಳಿದಷ್ಟೂ ಬಿಸಿ ಹೆಚ್ಚು.

ಒಂದು ಮಾತು ಹೇಳಲೇಬೇಕು. ಆರ್‌ಪಿಎಂ, ಫೀಡ್, ಟಿಲ್ಟ್ ಮೂರನ್ನು ಹಿಡಿದು ಟಗುಚಿಯ ಎಲ್9 ಪಟ್ಟಿ (ಒಂಬತ್ತು ಪ್ರಯೋಗಗಳ ಸಿದ್ಧ ಯೋಜನೆ) ಮಾಡಿ ಒಂಬತ್ತು ಪ್ಲೇಟ್ ಬೆಸೆಯುವುದು ಪ್ರಾಜೆಕ್ಟ್‌ಗಳ ಸಂಪ್ರದಾಯವಾಗಿದೆ. ಕ್ಲ್ಯಾಂಪ್ ಪ್ರತಿಸಲ ಬೇರೆ ಬಿಗಿ, ಇಳಿಸಿದ ಆಳ ಪ್ರತಿಸಲ ಬೇರೆ ಆಗಿದ್ದರೆ ಆ ಒಂಬತ್ತು ಅಂಕಿಗಳು ನಿಮ್ಮ ಫಿಕ್ಸ್‌ಚರ್‌ನ ಬಗ್ಗೆ ಹೇಳುತ್ತವೆಯೇ ಹೊರತು ಆರ್‌ಪಿಎಂ ಬಗ್ಗೆ ಅಲ್ಲ. ಮೊದಲು ಒಂದೇ ಸೆಟ್ಟಿಂಗ್‌ನಲ್ಲಿ ಮೂರು ಪ್ಲೇಟ್ ಬೆಸೆದು ಮೂರೂ ಒಂದೇ ತರಹ ಬರುತ್ತವೆಯೇ ನೋಡಿ.

ಪ್ಲೇಟ್ ತಯಾರಿ, ಕ್ಲ್ಯಾಂಪ್ ಹೇಗೆ?

ತಾಗುವ ಅಂಚುಗಳನ್ನು ಮಿಲ್ ಮಾಡಿಸಿ. ಗರಗಸದಲ್ಲಿ ಕತ್ತರಿಸಿದ ಅಂಚು ಸಾಲದು. ಎರಡರ ನಡುವೆ ಪ್ಲೇಟ್ ದಪ್ಪದ ಹತ್ತನೇ ಒಂದು ಭಾಗದವರೆಗೆ ಸಂದಿ ತಡೆಯುತ್ತದೆ ಎನ್ನುತ್ತಾರೆ, ನೀವು 0.2 ಮಿ.ಮೀ. ದಾಟದಂತೆ ನೋಡಿಕೊಳ್ಳಿ. ಸ್ಟೇನ್‌ಲೆಸ್ ವೈರ್ ಬ್ರಷ್‌ನಿಂದ ಅಂಚು ಮತ್ತು ಮೇಲ್ಮೈ ತಿಕ್ಕಿ, ಅಸಿಟೋನ್‌ನಿಂದ ಒರೆಸಿ, ಅದೇ ದಿನ ಬೆಸೆಯಿರಿ. ಆ ಬ್ರಷ್ ಸ್ಟೀಲ್‌ಗೆ ಮುಟ್ಟಿರಬಾರದು.

ಬೇರೆ ಬೇರೆ ಲೋಹವಾದ್ದರಿಂದ ಇಲ್ಲೊಂದು ವಿಶೇಷ ತೊಡಕು: "6 ಮಿ.ಮೀ." ಎಂದು ತಂದ ಎರಡು ಪ್ಲೇಟ್‌ಗಳು ಬೇರೆ ಬೇರೆ ರೋಲಿಂಗ್ ಮಿಲ್‌ಗಳಿಂದ ಬಂದಿರುತ್ತವೆ. ಮೈಕ್ರೋಮೀಟರ್ ಇಟ್ಟರೆ ಒಂದು 5.9, ಇನ್ನೊಂದು 6.15 ತೋರಿಸಬಹುದು. ಶೋಲ್ಡರ್ ದಪ್ಪನೆಯದನ್ನು ಅಗೆಯುತ್ತದೆ, ತೆಳ್ಳನೆಯದನ್ನು ಮುಟ್ಟುವುದೇ ಇಲ್ಲ. ದಪ್ಪ ಪ್ಲೇಟನ್ನು ಫೇಸ್ ಮಿಲ್ ಮಾಡಿ ಸಮ ಮಾಡಿ. ತೆಳ್ಳನೆಯದರ ಕೆಳಗೆ ಶಿಮ್ (ತೆಳು ಲೋಹದ ಹಾಳೆ) ಇಟ್ಟರೆ ಮೇಲ್ಮೈ ಸಮವಾಗುತ್ತದೆ, ಆದರೆ ತಳದಲ್ಲಿ ಮೆಟ್ಟಿಲು ಉಳಿಯುತ್ತದೆ.

ಬ್ಯಾಕಿಂಗ್‌ಗೆ 15ರಿಂದ 20 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್, ಮೇಲ್ಮೈ ಗ್ರೈಂಡ್ ಮಾಡಿದ್ದು. ಮೇಲಿನಿಂದ ಒತ್ತಲು ಉದ್ದನೆಯ ಪಟ್ಟಿ ಕ್ಲ್ಯಾಂಪ್, ಜೋಡಣೆ ಗೆರೆಯಿಂದ 25-30 ಮಿ.ಮೀ. ದೂರದಲ್ಲಿ. ಮೇಲಿನ ಒತ್ತಡವಷ್ಟೇ ಸಾಲದು: ಪಿನ್ ಬೆಣೆಯಂತೆ ಇಳಿದು ಎರಡು ಪ್ಲೇಟ್‌ಗಳನ್ನು ಆಚೀಚೆ ದೂಡುತ್ತದೆ. ಪಕ್ಕದಿಂದಲೂ ಬೋಲ್ಟ್ ಬಿಗಿಯಬೇಕು.

ಬೆಸೆಯುವಾಗಿನ ಕ್ರಮ ಏನು?

ಹೆಡ್ಡನ್ನು 2 ಡಿಗ್ರಿ ವಾಲಿಸಿ, ಬೆಸುಗೆ ಟೇಬಲ್‌ನ ಉದ್ದದ ದಿಕ್ಕಿನಲ್ಲಿ ಬರುವಂತೆ ಪ್ಲೇಟ್ ಕೂರಿಸಿ. ಪಿನ್ ಗೆರೆಯ ಮೇಲೇ ಸಾಗುತ್ತದೆಯೇ ಎಂದು ಸ್ಪಿಂಡಲ್ ನಿಲ್ಲಿಸಿ ಒಮ್ಮೆ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಿ, ಅರ್ಧ ಮಿ.ಮೀ. ಆಚೀಚೆ ಆದರೂ ತಿದ್ದಿ. ನಂತರ ಸ್ಪಿಂಡಲ್ ಹಾಕಿ, ಅಂಚಿನಿಂದ 15 ಮಿ.ಮೀ. ಒಳಗೆ, ನಿಮಿಷಕ್ಕೆ 5ರಿಂದ 8 ಮಿ.ಮೀ. ವೇಗದಲ್ಲಿ ಟೇಬಲ್ಲನ್ನು ಮೇಲಕ್ಕೆ ಏರಿಸಿ. ತಣ್ಣನೆಯ ಲೋಹಕ್ಕೆ ಅವಸರದಲ್ಲಿ ಚುಚ್ಚಿದ ಪಿನ್ ಉಳಿಯುವುದಿಲ್ಲ. ಹಿಮ್ಮಡಿ ಮುಟ್ಟಿ ಸುತ್ತಲೂ ತೆಳು ಉಂಗುರದಂತೆ ಲೋಹ ಎದ್ದಾಗ ನಿಲ್ಲಿಸಿ, 8-10 ಸೆಕೆಂಡ್ ಅಲ್ಲೇ ಸುತ್ತಲು ಬಿಡಿ. ಟೇಬಲ್‌ನ ಎತ್ತರವನ್ನೂ ಅಡ್ಡ ಚಲನೆಯನ್ನೂ ಲಾಕ್ ಮಾಡಿ, ಆಮೇಲೆ ಫೀಡ್ ಕೊಡಿ. ಕೊನೆಯಲ್ಲಿ ಫೀಡ್ ನಿಲ್ಲಿಸಿ, ಸ್ಪಿಂಡಲ್ ಸುತ್ತುತ್ತಿರುವಾಗಲೇ ಟೂಲ್ ಹೊರತೆಗೆಯಿರಿ. ಸ್ಪಿಂಡಲ್ ಮೊದಲು ನಿಂತರೆ ಪಿನ್ ಒಳಗೇ ಹಿಡಿದುಕೊಳ್ಳುತ್ತದೆ.

ಮೇಲೆ ಚೆನ್ನಾಗಿದೆ, ಕತ್ತರಿಸಿದರೆ ಒಳಗೆ ಸುರಂಗ. ಕಾರಣ?

ಟನಲ್ ದೋಷ. ಸಾಮಾನ್ಯವಾಗಿ ಅಡ್ವಾನ್ಸಿಂಗ್ ಕಡೆ, ತಳದ ಹತ್ತಿರ ಇರುತ್ತದೆ, ಬೆಸುಗೆಯ ಉದ್ದಕ್ಕೂ ಸಾಗುತ್ತದೆ. ಪಿನ್ ಹಿಂದೆ ಬಿಟ್ಟ ಜಾಗ ತುಂಬಲು ಲೋಹ ಸಾಲಲಿಲ್ಲ, ಅಥವಾ ತುಂಬುವಷ್ಟು ಮೆತ್ತಗಾಗಲಿಲ್ಲ ಎಂದರ್ಥ. ಹುಡುಕುವ ಕ್ರಮ ಹೀಗಿರಲಿ: ಮೊದಲು ಹಿಮ್ಮಡಿ ನಿಜಕ್ಕೂ ಇಳಿದಿದೆಯೇ, ಪ್ಲೇಟ್‌ಗಳು ಸರಿದು ಸಂದಿ ಬಿದ್ದಿದೆಯೇ, ಥ್ರೆಡ್ ದಿಕ್ಕು ಸರಿಯೇ, ಥ್ರೆಡ್ಡಿನ ಸಂದು ಹಳೆಯ ಅಲ್ಯೂಮಿನಿಯಂ ತುಂಬಿ ಮುಚ್ಚಿದೆಯೇ. ಇವೆಲ್ಲ ಸರಿಯಿದ್ದ ಮೇಲೆ ಮಾತ್ರ ಫೀಡ್ ಇಳಿಸಿ, 80 ಇದ್ದದ್ದು 50 ಮಾಡಿ. ಅನೇಕರು ಕೊನೆಯದನ್ನು ಮೊದಲು ಮಾಡುತ್ತಾರೆ.

ಅಂಚಿಗೆ ರಿಬ್ಬನ್ ತರಹ ಲೋಹ ಏಳುತ್ತಿದೆ?

ಫ್ಲ್ಯಾಶ್. ಆಳ ಜಾಸ್ತಿ ಇಳಿದಿದೆ, ಇಲ್ಲವೇ ಬಿಸಿ ಜಾಸ್ತಿ. ಒಂದೇ ಕಡೆ ಮಾತ್ರ ಏಳುತ್ತಿದ್ದರೆ ಆ ಕಡೆಯ ಪ್ಲೇಟ್ ದಪ್ಪ ಇರಬಹುದು. ಬ್ಲೇಡಿನಷ್ಟು ಚೂಪಾಗಿರುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಟೆನ್ಸೈಲ್ (ಎಳೆತದ ಪರೀಕ್ಷೆ) ಫಲಿತಾಂಶ 210 ಮೆಗಾಪಾಸ್ಕಲ್ ದಾಟುತ್ತಿಲ್ಲ. ಮಿಶ್ರಣ ಸಾಲದೇ?

ಮಿಶ್ರಣಕ್ಕೂ ಇದಕ್ಕೂ ಸಂಬಂಧ ಕಡಿಮೆ. ತುಂಡು ಎಲ್ಲಿ ಮುರಿದಿದೆ ನೋಡಿ. ಪೊಳ್ಳಿಲ್ಲದ ಬೆಸುಗೆಯಾದರೆ ಅದು ನಡುವಿನ ನಗೆಟ್‌ನಲ್ಲಿ, ಅಂದರೆ ಪಿನ್ ತಿರುವಿದ ಭಾಗದಲ್ಲಿ, ಮುರಿದಿರುವುದಿಲ್ಲ. 6061 ಕಡೆ, ಬೆಸುಗೆಯಿಂದ ತುಸು ಆಚೆ, ಶಾಖ ತಾಕಿದ ಪಟ್ಟಿಯಲ್ಲಿ ಮುರಿದಿರುತ್ತದೆ. ಟಿ6ರಲ್ಲಿ ಸುಮಾರು 107 ವಿಕರ್ಸ್ ಗಡಸುತನ ಇದ್ದ ಲೋಹ ಆ ಪಟ್ಟಿಯಲ್ಲಿ 60-70ಕ್ಕೆ ಇಳಿದಿರುತ್ತದೆ, ಕಾರಣ ಬಲ ಕೊಡುವ ಕಣಗಳು ಅಲ್ಲಿ ಕರಗದೆ ದಪ್ಪಗಾಗಿ ಕೆಲಸಕ್ಕೆ ಬಾರದಂತಾಗಿವೆ. 5083-ಎಚ್111 ಮೊದಲೇ ಮೆತ್ತಗಿನ ಸ್ಥಿತಿಯಲ್ಲಿ ಇದ್ದುದರಿಂದ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ.

ಹಾಗಾಗಿ ಮೂಲ 6061ರ 310ಕ್ಕೆ ಹೋಲಿಸಿದರೆ 200-220 ಬರುವುದು ಸೋಲಲ್ಲ, ಈ ಜೋಡಿಯ ಸಹಜ ಮಿತಿ. ಸುರುಳಿ ಸುರುಳಿಯಾಗಿ ಕಾಣುವ ನಗೆಟ್‌ನ ಫೋಟೊ ವರದಿಗೆ ಚೆಂದ, ಬಲ ತೂಗುವುದು ಮೆತ್ತಗಾದ ಆ ಪಟ್ಟಿ. ಅದನ್ನು ಕಿರಿದು ಮಾಡಬೇಕಾದರೆ ತಣ್ಣಗೆ ಬೆಸೆಯಬೇಕು: ಟನಲ್ ಬಾರದಷ್ಟರ ಮಟ್ಟಿಗೆ ಫೀಡ್ ಏರಿಸಿ, ಆರ್‌ಪಿಎಂ ಇಳಿಸಿ. ತಂಪು ಬ್ಯಾಕಿಂಗ್ ಇನ್ನೊಂದು ದಾರಿ.

ನಗೆಟ್‌ನಲ್ಲೇ ಮುರಿದಿದ್ದರೆ ಮಾತ್ರ ದೋಷ ಹುಡುಕಿ.

ಬೆಸೆದ ಮೇಲೆ ಏಜಿಂಗ್ (ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವುದು) ಮಾಡಿ ಬಲ ವಾಪಸ್ ತರಬಹುದೇ?

6061 ಒಂದೇ ಆಗಿದ್ದರೆ 175 ಡಿಗ್ರಿಯಲ್ಲಿ 8 ಗಂಟೆ ಇಟ್ಟು ನಗೆಟ್‌ನ ಬಲವನ್ನು ಒಂದಿಷ್ಟು ಏರಿಸಬಹುದು, ಆದರೂ ಮೆತ್ತಗಾದ ಪಟ್ಟಿ ಸರಿಹೋಗುವುದಿಲ್ಲ. ಪಕ್ಕದಲ್ಲಿ 5083 ಇದ್ದಾಗ ಇದನ್ನು ಮಾಡಲೇಬೇಡಿ. 3 ಶೇಕಡಾಕ್ಕಿಂತ ಹೆಚ್ಚು ಮೆಗ್ನೀಸಿಯಂ ಇರುವ ಮಿಶ್ರಲೋಹವನ್ನು 65ರಿಂದ 200 ಡಿಗ್ರಿ ನಡುವೆ ಬಹಳ ಹೊತ್ತು ಇಟ್ಟರೆ ಮೆಗ್ನೀಸಿಯಂ ಲೋಹದ ಹರಳು ಕಣಗಳ (ಗ್ರೇನ್) ಅಂಚುಗಳಿಗೆ ಬಂದು ಕೂರುತ್ತದೆ. ಉಪ್ಪುನೀರು ತಾಗಿದಾಗ ಆ ಅಂಚುಗಳೇ ಮೊದಲು ತಿನ್ನಿಸಿಕೊಳ್ಳುತ್ತವೆ, ಎಳೆತದಲ್ಲಿದ್ದರೆ ಬಿರುಕು ಬಿಡುತ್ತವೆ. ಸಮುದ್ರದ ಕೆಲಸಕ್ಕೆಂದೇ 5083 ಆರಿಸಿ, ಕೊನೆಗೆ ಒಲೆಯಲ್ಲಿಟ್ಟು ಅದರ ಗುಣ ಕೆಡಿಸಿದಂತಾಗುತ್ತದೆ. ಟೆನ್ಸೈಲ್ ಪರೀಕ್ಷೆಯಲ್ಲಿ ಈ ಹಾನಿ ಕಾಣುವುದೂ ಇಲ್ಲ.

ಇಡೀ ಬೆಸುಗೆಯನ್ನು 530 ಡಿಗ್ರಿಗೆ ಕಾಯಿಸಿ ನೀರಿಗೆ ಹಾಕುವ ಯೋಚನೆಯೂ ಬೇಡ. ನಗೆಟ್‌ನ ಸೂಕ್ಷ್ಮ ಹರಳು ಕಣಗಳು ವಿಪರೀತ ದೊಡ್ಡದಾಗಿ ಬೆಳೆಯಬಹುದು, ಪ್ಲೇಟ್ ಸೊಟ್ಟಗಾಗುವುದಂತೂ ಖಂಡಿತ.

ಪರೀಕ್ಷೆಗೆ ತುಂಡು ಹೇಗೆ ತೆಗೆಯಬೇಕು?

ಶುರುವಿನ ಮತ್ತು ಕೊನೆಯ 25 ಮಿ.ಮೀ. ಬಿಸಾಡಿ. ಒಂದು ತುಂಡನ್ನು ಮ್ಯಾಕ್ರೋಗೆ (ಅಡ್ಡ ಕತ್ತರಿಸಿ ಬರಿಗಣ್ಣಲ್ಲಿ ನೋಡಲು), ಎರಡನ್ನು ಬೆಂಡ್‌ಗೆ (ಬಗ್ಗಿಸಿ ನೋಡಲು), ಮೂರನ್ನು ಟೆನ್ಸೈಲ್‌ಗೆ ಇಡಿ. ಬೆಂಡ್‌ನಲ್ಲಿ ಒಂದನ್ನಾದರೂ ತಳ ಹೊರಮುಖವಾಗುವಂತೆ ಬಗ್ಗಿಸಿ. ಮುಟ್ಟಿಕೊಂಡಿದ್ದರೂ ಬೆಸೆಯದ ಕಿಸ್ಸಿಂಗ್ ಬಾಂಡ್ ಎಕ್ಸ್‌ರೇಗೂ ಸುಲಭಕ್ಕೆ ಸಿಗುವುದಿಲ್ಲ, ಇಲ್ಲಿ ಬಾಯಿ ಬಿಡುತ್ತದೆ. ಆದರೆ ಎರಡು ಲೋಹಗಳು ಸಮನಾಗಿ ಬಾಗುವುದಿಲ್ಲ, ಮೆತ್ತನೆಯ ಕಡೆಗೇ ಬಾಗು ಜಾರುತ್ತದೆ ಎಂಬುದು ನೆನಪಿರಲಿ. ಟೆನ್ಸೈಲ್‌ನಲ್ಲಿ ಬರುವ ಎಲಾಂಗೇಶನ್ (ಹಿಗ್ಗುವಿಕೆ) ಅಂಕಿಗೂ ಇದೇ ಕಾರಣಕ್ಕೆ ಹೆಚ್ಚು ಅರ್ಥವಿಲ್ಲ: ಎಳೆತವೆಲ್ಲ ಒಂದು ಕಿರಿದಾದ ಪಟ್ಟಿಯಲ್ಲಿ ಆಗಿರುತ್ತದೆ.

6061ರ ನಗೆಟ್ ಕೋಣೆಯ ಉಷ್ಣತೆಯಲ್ಲೇ ದಿನಗಳು ಕಳೆದಂತೆ ಗಟ್ಟಿಯಾಗುತ್ತದೆ. ಒಂದನ್ನು ಮರುದಿನ, ಇನ್ನೊಂದನ್ನು ತಿಂಗಳು ಬಿಟ್ಟು ಪರೀಕ್ಷಿಸಿ ಹೋಲಿಸಬೇಡಿ. ಎಲ್ಲಕ್ಕೂ ಒಂದೇ ಅಂತರ ಇರಲಿ.

ಎಚ್ಚಿಂಗ್‌ಗೆ (ಕತ್ತರಿಸಿದ ಮುಖದ ಒಳರಚನೆ ಕಾಣಲು ರಾಸಾಯನಿಕ ಹಚ್ಚುವುದಕ್ಕೆ) ಏನು ಬಳಸಬೇಕು?

ಮ್ಯಾಕ್ರೋಗೆ ಕಾಸ್ಟಿಕ್ ಸೋಡಾ ಸಾಕು: 10 ಶೇಕಡಾ ದ್ರಾವಣ, 60 ಡಿಗ್ರಿ ಬಿಸಿ, ಕೆಲವು ನಿಮಿಷ. ತೊಳೆದು ನೈಟ್ರಿಕ್ ಆಸಿಡ್‌ನಲ್ಲಿ ಅದ್ದಿದರೆ ಕಪ್ಪು ಪುಡಿ ಬಿಡುತ್ತದೆ. ಟನಲ್, ತಳದ ಗೆರೆ ಇಷ್ಟರಲ್ಲೇ ಕಾಣುತ್ತವೆ. ಮೈಕ್ರೋಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು, ಕೆಲ್ಲರ್ ದ್ರಾವಣ ಬಳಸುವವರು ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇದೆ ಎಂಬುದನ್ನು ಮರೆಯಬಾರದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಆ ಬಾಟಲಿ ತೆರೆಯಬೇಡಿ. 5083ರ ಹರಳು ಕಣಗಳು ಕೆಲ್ಲರ್‌ಗೆ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ, ಒಂದು ಕಡೆ ಸ್ಪಷ್ಟ, ಇನ್ನೊಂದು ಕಡೆ ಮಸುಕು ಬಂದರೆ ಗಾಬರಿ ಬೇಡ.

ಟೂಲ್‌ಗೆ ಅಂಟಿದ ಅಲ್ಯೂಮಿನಿಯಂ ತೆಗೆಯುವುದು ಹೇಗೆ?

ಕೆರೆಯಬೇಡಿ, ಥ್ರೆಡ್ ಹಾಳಾಗುತ್ತದೆ. ಅದೇ ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಪಿನ್ ಮುಳುಗಿಸಿ. ಅಲ್ಯೂಮಿನಿಯಂ ಕರಗುತ್ತದೆ, ಸ್ಟೀಲ್ ಉಳಿಯುತ್ತದೆ. ಹೈಡ್ರೋಜನ್ ಬರುವುದರಿಂದ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಕನ್ನಡಕ ಬೇಕೇ ಬೇಕು. ಪಾತ್ರೆ ಅಲ್ಯೂಮಿನಿಯಂದಾಗಿರಬಾರದು.

ಇದೇ ಸೆಟ್ಟಿಂಗ್ 2024-7075ಕ್ಕೆ ನಡೆಯುತ್ತದೆಯೇ?

ಇಲ್ಲ. ಎರಡೂ ಬಿಸಿಯಲ್ಲಿ ಗಟ್ಟಿ, ಮೇಲಾಗಿ 7075 ಬೇಗ ಕರಗಲು ತೊಡಗುತ್ತದೆ. ಹಾಗಾಗಿ ಆರ್‌ಪಿಎಂ 400-600ಕ್ಕೆ ಇಳಿಸಬೇಕು, ಒತ್ತಡ ಹೆಚ್ಚುತ್ತದೆ, ಸಾಮಾನ್ಯ ಮಿಲ್ ಅದಕ್ಕೆ ಏದುತ್ತದೆ. ಉತ್ಪಾದನೆಯಲ್ಲಿ ಪಿನ್‌ಗೆ ಎಚ್13 ಬದಲು ಎಂಪಿ159ರಂಥ ಕೋಬಾಲ್ಟ್-ನಿಕಲ್ ಮಿಶ್ರಲೋಹ ಬಳಸುತ್ತಾರೆ. ತಾಮ್ರ ಹೆಚ್ಚಿರುವ 2024 ಪಕ್ಕದಲ್ಲಿದ್ದಾಗ ತೇವದಲ್ಲಿ 7075 ಸವೆಯುವುದರಿಂದ ಬೆಸುಗೆಯ ಮೇಲೆ ಪ್ರೈಮರ್, ಪೇಂಟ್ ಕಡ್ಡಾಯ. ಅಲ್‌ಕ್ಲ್ಯಾಡ್ ಶೀಟ್ ಆದರೆ ಮೇಲಿನ ಶುದ್ಧ ಅಲ್ಯೂಮಿನಿಯಂ ಪದರ ಬೆಸುಗೆಯೊಳಗೆ ಗೆರೆಯಾಗಿ ಎಳೆದುಕೊಂಡು ಹೋಗುತ್ತದೆ. ಬಟ್ ಜಾಯಿಂಟ್‌ನ ಅಂಚಿನಲ್ಲಿ ಅದನ್ನು ಕೆರೆದು ತೆಗೆಯಿರಿ.

ಕೊನೆಯಲ್ಲಿ ಉಳಿಯುವ ತೂತಿಗೆ ಏನು ಮಾಡುವುದು?

ಪ್ಲೇಟ್ ತುದಿಗೆ ಅದೇ ದಪ್ಪದ ಹೆಚ್ಚುವರಿ ತುಂಡು ಕ್ಲ್ಯಾಂಪ್ ಮಾಡಿ ಬೆಸುಗೆಯನ್ನು ಅದರೊಳಗೆ ಮುಗಿಸಿ, ಆಮೇಲೆ ಆ ತುಂಡು ಕತ್ತರಿಸಿ ತೆಗೆಯಿರಿ. ಟ್ಯಾಂಕ್‌ನಂಥ ಸುತ್ತು ಬೆಸುಗೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪಿನ್ ನಿಧಾನವಾಗಿ ಒಳಸೇದಿಕೊಳ್ಳುವ ಟೂಲ್ ಬೇಕು, ಅದು ಮಾಮೂಲಿ ಮಿಲ್‌ಗೆ ಕೂರುವಂಥದ್ದಲ್ಲ.

ಗಿರಾಕಿ ಸ್ಟ್ಯಾಂಡರ್ಡ್ ಕೇಳಿದರೆ?

ಅಲ್ಯೂಮಿನಿಯಂಗೆ ಐಎಸ್‌ಒ 25239, ಐದು ಭಾಗಗಳಲ್ಲಿ ಇದೆ. ವೆಲ್ಡ್ ಪ್ರೊಸೀಜರ್ ಅರ್ಹತೆಗೆ ನಾಲ್ಕನೇ ಭಾಗ, ಗುಣಮಟ್ಟ ಮತ್ತು ತಪಾಸಣೆಗೆ ಐದನೇ ಭಾಗ ನೋಡಿ. ವಿಮಾನ, ರಾಕೆಟ್ ಬಿಡಿಭಾಗಗಳಾದರೆ ಎಡಬ್ಲ್ಯುಎಸ್ (ಅಮೆರಿಕನ್ ವೆಲ್ಡಿಂಗ್ ಸೊಸೈಟಿ) ಡಿ17.3 ಕೇಳುತ್ತಾರೆ. ಎರಡು ಮಿಶ್ರಲೋಹಗಳ ಜೋಡಿಗೆ ಪ್ರೊಸೀಜರ್ ಬರೆಯುವಾಗ ಯಾವ ಲೋಹ ಅಡ್ವಾನ್ಸಿಂಗ್ ಕಡೆ ಇತ್ತು ಎಂಬುದನ್ನು ತಪ್ಪದೆ ನಮೂದಿಸಿ. ಅದನ್ನು ಅದಲುಬದಲು ಮಾಡಿದರೆ ಬೇರೆಯೇ ಬೆಸುಗೆಯೆಂದು ತಿಳಿದು ಹೊಸದಾಗಿ ಪರೀಕ್ಷೆ ಮಾಡಿಸುವುದು ಒಳಿತು.